ಜಗಲಿಯ ಮೇಲಿಟ್ಟ ಡಬ್ಬಿಗಳು

ಗಂಗಲಕ್ಷ್ಮಮ್ಮ ಹುಟ್ಟಿದ್ದು ೧೯೫೪ನೆಯ ಇಸವಿ ಆಗಸ್ಟ್ ೧೧ರಂದು. ಶಾಲೆಯ ದಾಖಲೆಯಲ್ಲಿ ಜೂನ್ ೧ ಎಂದಿದೆ. ಅದು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ತಮ್ಮ ಅನುಕೂಲಕ್ಕೆ ಬರೆದ ತಾರೀಖು, ನಂಬತಕ್ಕದ್ದಲ್ಲ. ಊರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಸಾಸಲಿಗೆ ಎರಡು ಮೈಲಿ ದೂರದ ಒಂದು ಹಳ್ಳಿ. ತಂದೆ ಆವಲಪ್ಪ ರಾಗಿ ಬೆಳೆಯುವ ರೈತ. ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ, ಆಕೆ ಇನ್ನೂ ಬರಿಯ ಗಂಗಲಕ್ಷ್ಮಿಯಾಗಿದ್ದಾಗ, ನಾನು ಆಕೆಗೆ ವಿಜ್ಞಾನ ಪಾಠ ಮಾಡಿದವನು. ಆದ್ದರಿಂದ ಕೆಳಗಿನ ತಾರೀಖುಗಳಿಗೆ ನನ್ನ ದಿನಚರಿಯೇ ಆಧಾರ.

ಆಕೆ ಒಂಬತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರವರು ಹೈಸ್ಕೂಲು ಮಕ್ಕಳಿಗಾಗಿ ಆರು ವಾರಗಳ ಆರೋಗ್ಯ ಸಂಶೋಧನಾ ಶಿಬಿರವನ್ನು ದೊಡ್ಡಬಳ್ಳಾಪುರದಲ್ಲಿ ಏರ್ಪಡಿಸಿದರು. ಆರಂಭ ೧೯೬೯ನೆಯ ಏಪ್ರಿಲ್ ೨೧, ಸೋಮವಾರ. ಮುಕ್ತಾಯ ಮೇ ೩೧, ಶನಿವಾರ. ತಾಲ್ಲೂಕಿನಿಂದ ಎಂಟು ಮಕ್ಕಳನ್ನು ಆರಿಸಿದ್ದರು. ವಿಷಯ ಕೊಕ್ಕೆಹುಳು. ಬರಿಗಾಲಿನಲ್ಲಿ ನಡೆಯುವವರ ಪಾದದ ಮೂಲಕ ಮಣ್ಣಿನಿಂದ ದೇಹವನ್ನು ಹೊಕ್ಕು, ಕರುಳಿನಲ್ಲಿ ಕುಳಿತು ರಕ್ತ ಹೀರುವ ಹುಳು ಅದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹಳ್ಳಿಯ ಮನೆಮನೆಗೆ ಹೆಸರು ಬರೆದ ತಗಡಿನ ಡಬ್ಬಿಗಳನ್ನು ಸಂಜೆ ಹಂಚಿ, ಬೆಳಿಗ್ಗೆ ಅವುಗಳಲ್ಲಿ ಮಲದ ಮಾದರಿಯನ್ನು ಸಂಗ್ರಹಿಸಿ, ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆಗಳನ್ನು ಎಣಿಸಿ ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿ ಹುಳು ಇದೆಯೆಂದು ಕಂಡವರಿಗೆ ಮಾತ್ರ ಶಿಬಿರದ ಕೊನೆಯ ದಿನ ಮಾತ್ರೆ. ಶಿಬಿರದ ಮುಖ್ಯಸ್ಥೆ ಡಾಕ್ಟರ್ ಅನುಸೂಯಮ್ಮನವರು. ಒಳ್ಳೆಯ ಕೆಲಸ ಮಾಡಿದ ಇಬ್ಬರಿಗೆ, ಎಸ್ಸೆಸ್ಸೆಲ್ಸಿ ಆದ ಮೇಲೆ, ವಿದ್ಯಾರ್ಥಿವೇತನದೊಡನೆ ಪ್ರಯೋಗಾಲಯದ ತರಬೇತಿಗೆ ಶಿಫಾರಸು ಮಾಡುವುದಾಗಿ ಅವರು ತಿಳಿಸಿದ್ದರು. ಹೆಸರುಗಳನ್ನು ಪ್ರಕಟಿಸುವ ದಿನ ಮೇ ೨೦.

ಆವಲಪ್ಪನಿಗೆ ಮಗಳನ್ನು ಮುಂದೆ ಓದಿಸುವ ಮನಸ್ಸಿರಲಿಲ್ಲ. ನನ್ನ ಎದುರಿನಲ್ಲಿಯೇ ಹೇಳಿದ:

“ಆ ಇಬ್ಬರಲ್ಲಿ ಇವಳ ಹೆಸರು ಬಂದ್ರೆ ಹತ್ತನೇ ಕ್ಲಾಸು ಓದ್ಲಿ ಸಾರ್. ಬರ್ದೇ ಇದ್ರೆ ಮಗ್ಗದ ಮನೇಲಿ ನೂಲು ಸುತ್ತೋಕೆ ಹೋಗ್ಲಿ. ನನ್ನದು ಒಂದೇ ಮಾತು.”

ಮೂವತ್ತಾರು ಮನೆಗಳ ಮಾದರಿಗಳನ್ನು ಗಂಗಲಕ್ಷ್ಮಿ ಏಪ್ರಿಲ್ ೨೮ರಿಂದ ಮೇ ೧೦ರೊಳಗೆ ತಂದಳು. ಮೇ ೧೨ರಂದು ನಾನು ಸಹಿ ಹಾಕಿದ ಮೇಲೆ ಪಟ್ಟಿಯನ್ನು ಒಪ್ಪಿಸಿದಳು. ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೊಕ್ಕೆಹುಳು. ಅರವತ್ತೆಂಟು ಹೆಂಗಸರಲ್ಲಿ ಮೂವರಿಗೆ ಮಾತ್ರ. ಇದು ವಿಶೇಷವಾದ ಸಂಗತಿಯೆಂದು ಡಾಕ್ಟರು ಎಲ್ಲರ ಮುಂದೆ ಮೆಚ್ಚಿದರು.

ಅದೇ ದಿನ ಸಂಜೆ ಗಂಗಲಕ್ಷ್ಮಿ ಊರಿಗೆ ಹೋದಾಗ ಪಕ್ಕದ ಮನೆಯ ಪಾಪಕ್ಕ ಬಾವಿಯ ಹತ್ತಿರ ಬಿಂದಿಗೆಯನ್ನು ಇಳಿಸಿ, ಏದುಸಿರು ಬಿಡುತ್ತ ಕುಳಿತಿದ್ದಳು. ಆಕೆ ಮುನಿವೆಂಕಟಮ್ಮನ ಸೊಸೆ. ತುಟಿ, ಉಗುರು ಎಲ್ಲವೂ ಬೆಳ್ಳಗೆ. ರಕ್ತ ಇಳಿದ ಲಕ್ಷಣಗಳನ್ನು ಶಿಬಿರದ ಮೊದಲನೆಯ ವಾರದಲ್ಲಿಯೇ ಹೇಳಿಕೊಟ್ಟಿದ್ದರು. ಆದರೆ ಪಟ್ಟಿಯ ಪ್ರಕಾರ ಪಾಪಕ್ಕನಿಗೆ ಹುಳುವಿಲ್ಲ. ಮುಂದಿನ ಮಾತುಗಳನ್ನು ಗಂಗಲಕ್ಷ್ಮಿ ಹೇಳಿದಂತೆಯೇ ಬರೆಯುತ್ತಿದ್ದೇನೆ.

“ಪಾಪಕ್ಕ, ನಿಜ ಹೇಳು. ಆ ಡಬ್ಬೀಲಿದ್ದಿದ್ದು ನಿಂದೇನಾ?”

“ಓದಿರೋಳು ನೀನು, ಅಷ್ಟೂ ತಿಳಿಯಲ್ವೇನೆ? ಬೆಳಿಗ್ಗೆ ಜಗಲಿ ಮೇಲೆ ಸಾಲಾಗಿ ಇಡಿ ಅಂದೆ. ನಮ್ಮ ಮಾವನೋರು ಕೂತ್ಕೊಳ್ಳೋ ಜಗಲಿ! ಅವರ ಪಕ್ಕದಲ್ಲಿ ನನ್ನ ಹೆಸರು ಬರ್ದಿರೋ ಡಬ್ಬಿ ಇಡ್ಲಾ? ಅದರ ಬದ್ಲು ಈ ಬಾವಿಗೇ ಬೀಳ್ತಿದ್ದೆ.”

“ಮತ್ತೆ ಯಾರ್ದು ಅದು?”

“ನಮ್ ಚಿಕ್ಕೋನ್ದು, ಇನ್ನೂ ಕಂಕುಳಿಂದ ನೆಲಕ್ಕಿಳೀದಿರೋ ಕೂಸು. ನಂಗೆ, ನಮ್ಮತ್ತೆಗೆ, ನಾದಿನೀಗೆ, ಎಲ್ಲಾರ್ಗೂ ಹಂಚ್ಬಿಟ್ಟೆ. ಮನೇಲಿ ನಾಚ್ಕೆ ಇಲ್ದೋನು ಅವನೊಬ್ನೇ.”

“ಅಯ್ಯೋ, ಎಂಥ ಕೆಲ್ಸ ಮಾಡ್ದೆ ಪಾಪಕ್ಕ!”

“ನಾನೊಬ್ಳೇ ಏನಲ್ಲ ಕಣೆ. ಮಕ್ಕಳಿಲ್ದಿರೋ ಮನೆ ಹೆಂಗಸರೆಲ್ಲ ಡಬ್ಬಿ ಹಿಡ್ಕೊಂಡು ನಮ್ ಹಿತ್ಲಿಗೇ ಬಂದ್ರು. ಒಂದೊಂದು ಚೂರು ಬೆಲ್ಲ ಕೊಟ್ಟು ಅವನ್ನ ಕೂರಿಸ್ಕೊಂಡು ಕಾಯ್ತಿದ್ರು. ಪಾಪ, ಮಗು ಎಷ್ಟೂಂತ ಕೊಡುತ್ತೆ?”

ಮಾರನೆಯ ದಿನ, ಮೇ ೧೩ರಂದು, ಗಂಗಲಕ್ಷ್ಮಿ ನಮ್ಮ ಮನೆಗೆ ಬಂದು ಇಷ್ಟನ್ನೂ ಹೇಳಿದಳು. ಸುಳ್ಳು ಮಾದರಿ ತಂದವರ ಪಟ್ಟಿಯನ್ನು ಶಿಫಾರಸಿಗೆ ಪರಿಗಣಿಸುವುದಿಲ್ಲ ಎಂಬ ನಿಯಮ ಅಚ್ಚಿನ ಸೂಚನಾಪತ್ರದಲ್ಲಿ ಸ್ಪಷ್ಟವಾಗಿತ್ತು. ಅದು ಆಕೆಗೂ ಗೊತ್ತು, ನನಗೂ ಗೊತ್ತು. ಇಪ್ಪತ್ತನೆಯ ತಾರೀಖಿನವರೆಗೆ ಸುಮ್ಮನಿದ್ದು ಆಮೇಲೆ ಹೇಳಬಾರದೇ ಎಂದು ನಾನು ಕೇಳಿದೆ. ಕೇಳಬಾರದಾಗಿತ್ತು, ಆದರೂ ಕೇಳಿದ್ದು ನಿಜ.

“ಆಮೇಲೆ ಹನ್ನೊಂದೇ ದಿವ್ಸ ಉಳಿಯೋದು ಸಾರ್. ಅಷ್ಟರಲ್ಲಿ ಮತ್ತೆ ಡಬ್ಬಿ ಹಂಚಿ, ತಂದು, ಅಷ್ಟು ಜನದ್ದು ನೋಡಿ ಮುಗ್ಸೋಕಾಗಲ್ಲ” ಎಂದಳು.

ಮೇ ೧೪ರಂದು ಇಬ್ಬರೂ ಡಾಕ್ಟರ ಬಳಿಗೆ ಹೋದೆವು. ಅವರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನೀನು ಹೇಳ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಕಣಮ್ಮ.”

“ಹೌದು ಮೇಡಂ. ಆದ್ರೆ ಪಾಪಕ್ಕಂಗೆ ಮಾತ್ರೆ ಸಿಕ್ತಿರ್ಲಿಲ್ಲ.”

ಡಾಕ್ಟರು ಹೆಂಗಸರ ಕಾಲಮನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಡಬ್ಬಿಗಳನ್ನು ಮತ್ತೆ ಕೊಡುವುದಕ್ಕೆ ಒಪ್ಪಿದರು. ಶಿಫಾರಸಿನ ವಿಷಯದಲ್ಲಿ ಮಾತ್ರ ತಾವು ಬರೆದ ನಿಯಮವನ್ನು ತಾವೇ ಮುರಿಯಲಾಗದು ಎಂದರು. ಅದು ತಪ್ಪೆಂದು ನಾನು ಹೇಳಲಾರೆ.

ಎರಡನೆಯ ಸಲದ ಕ್ರಮವನ್ನು ಗಂಗಲಕ್ಷ್ಮಿಯೇ ಗೊತ್ತುಮಾಡಿದಳು. ಡಬ್ಬಿಯ ಮೇಲೆ ಹೆಸರಿಲ್ಲ. ಮಗ್ಗದ ಮನೆಗಳಲ್ಲಿ ಬಿಸಾಡುವ ಬಣ್ಣಬಣ್ಣದ ರೇಷ್ಮೆ ಎಳೆಗಳನ್ನು ಆರಿಸಿ ತಂದು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕಟ್ಟಿದಳು. ಬಣ್ಣ ಸಾಲದಾದಾಗ ಗಂಟುಗಳ ಸಂಖ್ಯೆಯಲ್ಲಿ ವ್ಯತ್ಯಾಸ. ಯಾವ ಎಳೆ ಯಾರದೆಂಬುದು ಆಕೆಯ ಪುಸ್ತಕವೊಂದರಲ್ಲಿಯೇ. ಗಂಡಸರು ಹೊಲಕ್ಕೆ ಹೊರಟ ಮೇಲೆ ಹಿತ್ತಲ ಬಾಗಿಲಲ್ಲಿ ಸಂಗ್ರಹ. ಮೇ ೧೬ರಂದು ಈ ಕೆಲಸ ಆರಂಭವಾಯಿತು.

ಮುನಿವೆಂಕಟಮ್ಮ ಮೊದಲು ಗದರಿದಳಂತೆ: “ಏನೇ ಹುಡ್ಗಿ, ಊರೋರ್ದೆಲ್ಲ ಹೊತ್ಕೊಂಡು ಹೋಗೋಕೆ ನಿಮ್ಮಪ್ಪ ಸ್ಕೂಲಿಗೆ ಹಾಕಿದ್ದಾ?” ಆಮೇಲೆ ಎಳೆಗಳನ್ನು ಬೆರಳಲ್ಲಿ ಆಡಿಸಿ, “ನಂಗೆ ಈ ನೇರಳೆ ಬಣ್ಣದ್ದು ಕಟ್ಟು. ಸೊಸೇಗೆ ಯಾವ್ದಾದ್ರೂ ಆಗುತ್ತೆ” ಎಂದಳಂತೆ.

ಮೇ ೨೦ರ ಮಂಗಳವಾರ ಹೆಸರುಗಳು ಪ್ರಕಟವಾದವು. ಗಂಗಲಕ್ಷ್ಮಿಯ ಹೆಸರಿರಲಿಲ್ಲ. ಆವಲಪ್ಪನನ್ನು ನಾನು ಕರೆಸಿ, ನಡೆದುದನ್ನೆಲ್ಲ ವಿವರಿಸಿ, ಒಂದು ವರ್ಷ ಓದಿಸೆಂದು ಕೇಳಿಕೊಂಡೆ.

“ಅವಳು ನಿಜ ಹೇಳಿದ್ದು ಸರಿ ಸಾರ್, ನಾನೇನೂ ಬೈದಿಲ್ಲ. ಆದ್ರೆ ನಾನು ಆಡಿದ್ದೂ ಮಾತೇ ಅಲ್ವಾ?” ಎಂದ. ಜೂನ್ ೧೬ರಂದು ಬಂದು ವರ್ಗಾವಣೆ ಪತ್ರ ತೆಗೆದುಕೊಂಡು ಹೋದ.

ಅಷ್ಟರಲ್ಲಿ ಎರಡನೆಯ ಪಟ್ಟಿ ಮುಗಿದಿತ್ತು. ಅರವತ್ತೆಂಟು ಹೆಂಗಸರಲ್ಲಿ ಏಳು ಮಂದಿ ಕೊಡಲೇ ಇಲ್ಲ. ಕೊಟ್ಟ ಅರವತ್ತೊಂದು ಮಂದಿಯಲ್ಲಿ ನಲವತ್ತಮೂವರಿಗೆ ಕೊಕ್ಕೆಹುಳು. ಪಾಪಕ್ಕನಿಗೂ, ನೇರಳೆ ಎಳೆಯ ಮುನಿವೆಂಕಟಮ್ಮನಿಗೂ ಕೂಡ. ನಲವತ್ತಮೂವರೂ ಮೇ ೩೧ರಂದು ಮಾತ್ರೆ ನುಂಗಿದರು.

ಗಂಗಲಕ್ಷ್ಮಿ ಮೂರು ವರ್ಷ ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ನೂಲು ಸುತ್ತಿದಳು. ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದು ಓದಿ, ೧೯೭೨ರಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ತರುವಾಯ ದಾದಿಯ ತರಬೇತಿ ಪಡೆದು, ೧೯೭೫ನೆಯ ಜೂನ್ ೨, ಸೋಮವಾರ, ದೇವನಹಳ್ಳಿ ತಾಲ್ಲೂಕಿನ ಕುಂದಾಣದ ಕಡೆ ಕೆಲಸಕ್ಕೆ ಸೇರಿದಳು. ಪ್ರಯೋಗಾಲಯದ ಕೆಲಸ ಆಕೆಗೆ ಕೊನೆಗೂ ಸಿಗಲಿಲ್ಲ. ಅದರಲ್ಲಿ ಆಕೆಗಿದ್ದ ಕೈ ನನ್ನ ಬೇರಾವ ವಿದ್ಯಾರ್ಥಿಗೂ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

೧೯೭೬ನೆಯ ನವೆಂಬರ್ ೧೪ರಂದು ನಮ್ಮ ಮನೆಗೆ ಬಂದಾಗ, ಆ ದಿನ ಹೇಳಿದ್ದಕ್ಕೆ ಎಂದಾದರೂ ಬೇಸರವಾಯಿತೇ ಎಂದು ಕೇಳಿದೆ.

“ಹೆಸರು ಬರ್ಲಿಲ್ವಲ್ಲ, ಅವತ್ತು ಬಸ್ಸಲ್ಲಿ ಸಾಸಲು ಬರೋವರ್ಗೂ ಅತ್ಬಿಟ್ಟೆ ಸಾರ್” ಎಂದಳು. “ಊರಿಗೆ ಹೋದ್ರೆ ಇನ್ನೂ ಹನ್ನೆರಡು ಮನೆ ಬಾಕಿ ಇತ್ತು. ಕಣ್ಣು ಒರೆಸ್ಕೊಂಡು ಹೋದೆ.”