ಬೆಂದ ಮೊಟ್ಟೆ ಮತ್ತು ಬಸಲಿಂಗಪ್ಪ ಮೇಷ್ಟ್ರು

ಬಸಲಿಂಗಪ್ಪ ಮೇಷ್ಟ್ರು ಕೋಳಿಮೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆಂದರೆ ಹಣೆಯ ಮೂರೂ ವಿಭೂತಿ ಗೆರೆಗಳು ಒಟ್ಟಿಗೆ ಮೇಲೇರುತ್ತಿದ್ದವು. ಜನ್ಮದಲ್ಲಿ ಮೊಟ್ಟೆ ತಿಂದವರಲ್ಲ. ಆದರೆ ತೊಂಬತ್ತರ ದಶಕದ ಕೊನೆಯ ಆ ದಾವಣಗೆರೆಯಲ್ಲಿ ಅದರ ಒಳಗನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ದಿನವೂ ಹರಿಹರದಿಂದ ಬಸ್ಸಿನಲ್ಲಿ ಬಂದು ನಮ್ಮ ಬಿ.ಎಸ್ಸಿ. ತರಗತಿಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದರು; ಬರುವಾಗ ತಮ್ಮೂರ ಹೊಳೆಯನ್ನೂ ಜೊತೆಗೆ ತರುತ್ತಿದ್ದರು.

"ಕಪ್ಪೆಗೆ ಮೊಟ್ಟೆ ಇಡಾಕೆ ಹೊಳೆ ಬೇಕು. ಹಲ್ಲಿ ಏನ್ ಮಾಡ್ತು? ಹೊಳೇನೇ ಮೊಟ್ಟೆ ಚಿಪ್ಪಿನಾಗೆ ತುಂಬ್ಕೊಂಡು ಗ್ವಾಡೆ ಹತ್ತಿಬಿಡ್ತು. ಇಷ್ಟೇ ಐತೆ ನೋಡ್ರಿ, ಉಳಿದಿದ್ದು ಪರೀಕ್ಷೆಗೆ ಬರಿಯಾಕೆ."

ನನ್ನದು ಈಗಲೂ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಜೀವ. ಪ್ರಾಯೋಗಿಕ ಪರೀಕ್ಷೆಗೆ ತಲೆಗೊಂದು ಮೊಟ್ಟೆ ತರಬೇಕೆಂದಾಗ ವಾರವಿಡೀ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಅದರ ಹೆಸರೆತ್ತುವುದೂ ನಿಷಿದ್ಧ. ಕೊನೆಗೆ ಪರೀಕ್ಷೆಯ ದಿನ ಮುಖಕ್ಕೆ ಕರ್ಚೀಫು ಕಟ್ಟಿಕೊಂಡು, ಬಸ್‌ಸ್ಟ್ಯಾಂಡಿನ ಬಳಿ ಒಂದು ಗಾಡಿಯಲ್ಲಿ ಕೊಂಡೆ. ಬೆಚ್ಚಗಿತ್ತು. ಕೋಳಿ ಈಗತಾನೇ ಇಟ್ಟದ್ದಿರಬೇಕೆಂದು ಹಿಗ್ಗಿದೆ.

ಪರೀಕ್ಷೆಯಲ್ಲಿ ಬಟ್ಟಲಿನ ಅಂಚಿಗೆ ತಟ್ಟಿದರೆ ಏನೂ ಸುರಿಯಲಿಲ್ಲ. ಗಾಡಿಯವನು ಬೇಯಿಸಿದ್ದನ್ನೇ ಕೊಟ್ಟಿದ್ದ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಪೆನ್ನು ಕೆಳಗಿಟ್ಟರು. ಇದರಲ್ಲಿ ಫೇಲಾದರೆ ವರ್ಷವೇ ಹೋದಂತೆ. ಪರೀಕ್ಷಕರ ಪಕ್ಕದಲ್ಲಿದ್ದ ನಮ್ಮ ಮೇಷ್ಟ್ರು ನಗಲಿಲ್ಲ, ಬೈಯಲೂ ಇಲ್ಲ.

"ಬೆಂದೈತೆ ಅಷ್ಟೇ, ಕೆಟ್ಟಿಲ್ಲ. ಸುಲಿ ತಮ್ಮಾ. ಕಂಡಿದ್ದನ್ನ ಹೇಳು, ಕಾಣದ್ದನ್ನ ಇಲ್ಲ ಅನ್ನು."

ಸುಲಿದೆ. ಚಿಪ್ಪಿನ ಕೆಳಗೆ ಒದ್ದೆ ಪೊರೆ, ದಪ್ಪ ತುದಿಯಲ್ಲಿ ಗಾಳಿ ನಿಂತಿದ್ದ ತಗ್ಗು. ಚಿಪ್ಪಿನ ಕಾಣದ ತೂತುಗಳಿಂದ ಉಸಿರು ಒಳಗೆ ಬರುತ್ತದೆ, ನೀರು ಬೇಗ ಆರದಂತೆ ಚಿಪ್ಪೂ ಪೊರೆಯೂ ಕಾಯುತ್ತವೆ, ಅದಕ್ಕೇ ಒಣ ನೆಲದಲ್ಲೂ ಮರಿ ಬದುಕುತ್ತದೆ ಎಂದೆ. ಮರಿಯ ಸುತ್ತಲಿನ ನೀರಿನ ಚೀಲ ಎಲ್ಲಿ ಎಂದು ಪರೀಕ್ಷಕರು ಕೇಳಿದರು. ಮರಿ ಬೆಳೆದರೆ ಮಾತ್ರ ಆ ಚೀಲ, ಇದರಲ್ಲಿ ಇಲ್ಲ ಎಂದೆ. ಅವರು ಪೆನ್ನು ಎತ್ತಿಕೊಂಡರು.

ಫಲಿತಾಂಶ ಬಂದಾಗ ಹರಿಹರಕ್ಕೆ ಓಡಿದೆ. ಆ ಹೊತ್ತಿಗೆ ಮೇಷ್ಟ್ರು ನಿವೃತ್ತರಾಗಿದ್ದರು. ಪಾಸಾದೆನೆಂದು ಬಾಗಿಲಲ್ಲೇ ಹೇಳಿದೆ. ಬೆನ್ನು ತಟ್ಟಿದವರು ಒಮ್ಮೆಲೇ ದನಿ ತಗ್ಗಿಸಿದರು.

"ಒಳಗೆ ನಮ್ಮವ್ವ ಅದಾಳೆ. ಮೊಟ್ಟೆ ಸುದ್ದಿ ಎತ್ತಬ್ಯಾಡಪ್ಪಾ. ಮೂವತ್ತು ವರ್ಷದಿಂದ ಆಕೆ ಮುಂದೆ ನಾನು ಲೆಕ್ಕದ ಮೇಷ್ಟ್ರು."

ಒಳಗೆ ಅಜ್ಜಿ ನನ್ನ ಮುಖ ನೋಡಿ, "ಲೆಕ್ಕದಾಗೆ ಪಾಸಾದೇನಪ್ಪಾ?" ಎಂದರು. ಮೇಷ್ಟ್ರು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವರನ್ನು ಕಂಡದ್ದೂ ಅದೇ ಕೊನೆ.

"ಆದೆ ಅಜ್ಜೀ," ಎಂದೆ. "ಮೇಷ್ಟ್ರು ಚಲೋ ಹೇಳಿಕೊಟ್ಟಿದ್ರು."