ಬಸ್ಸಿನಲ್ಲಿ ಸಿಕ್ಕ ನನ್ನ ಓದುಗರು

ಕುಂದಾಪುರದಿಂದ ಬ್ರಹ್ಮಾವರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯ ಹೆಂಗಸಿನ ಮೊಬೈಲಿಗೆ ಇಣುಕಿ ಬೆಚ್ಚಿಬಿದ್ದೆ. ಅವರು ಓದುತ್ತಿದ್ದುದು ನನ್ನದೇ ಕಾದಂಬರಿ! ಅದನ್ನು ನಾನೇ ಇ-ಪುಸ್ತಕ ಮಾಡಿ, ಕಂಡ ವಾಟ್ಸ್‌ಆ್ಯಪ್ ಗುಂಪಿಗೆಲ್ಲ ಲಿಂಕ್ ಕಳಿಸಿ, ಬರೀ ಹೆಬ್ಬೆರಳಿನ ಚಿತ್ರ ಸಂಪಾದಿಸಿದ್ದೆ. ಹೆಂಡತಿಯೂ ಓದಿರಲಿಲ್ಲ.

"ಪುಸ್ತಕ ಹ್ಯಾಂಗಿತ್ತ್ ಅಮ್ಮ?" ಎಂದೆ, ಎದೆಯುಬ್ಬಿಸಿ.

"ಸುರು ಲಾಯ್ಕಿತ್ತ್ ಮಾರಾಯ್ರೆ. ಆ ಮದಿ ಊಟ ಮಾತ್ರ ಮೂವತ್ತ್ ಪುಟ ಓದ್ರೂ ಮುಗಿಲಿಲ್ಲೆ! ಬರದರಿಗೆ ಹೇಳುವರ್ ಯಾರೂ ಇಲ್ಯಾ?"

'ನಾನೇ ಬರೆದದ್ದು' ಎನ್ನಲು ತೆರೆದಿದ್ದ ಬಾಯಿ ತಾನಾಗಿ ಮುಚ್ಚಿತು. ಬ್ರಹ್ಮಾವರದ ಟಿಕೆಟ್ ಕೈಯಲ್ಲಿದ್ದರೂ ಕೋಟದಲ್ಲೇ ಇಳಿದುಬಿಟ್ಟೆ.

ಅದೇ ಸಂಜೆ ಮದುವೆ ಊಟವನ್ನು ಎರಡು ಪುಟಕ್ಕೆ ಇಳಿಸಿದೆ. ಅವರಿಗೆ ತಿಳಿಸೋಣವೆಂದರೆ ಹೆಸರನ್ನೇ ಕೇಳಿರಲಿಲ್ಲ. ಇದ್ದ ಒಬ್ಬರೇ ಓದುಗರನ್ನು ಬಸ್ಸಿನಲ್ಲೇ ಬಿಟ್ಟು ಓಡಿಬಂದ ಲೇಖಕ ನಾನು.