ಅಪ್ಪನ ಮಾತ್ರೆ

"ಅಪ್ಪನ ಮಾತ್ರೆ ಸಾಕು" ಎಂದು ಅಕ್ಕನಿಗೆ ಹೇಳಿದ್ದು ಅಮ್ಮನೋ ನಾನೋ, ನನಗೆ ಸರಿಯಾಗಿ ನೆನಪಿರಲಿಲ್ಲ. ಅಮ್ಮ ತಾನೇ ಎನ್ನುತ್ತಾಳೆ. ನರಸಿಂಹರಾಜಪುರದ ಮನೆಯಲ್ಲಿ ದೋಸೆ ಹೊಯ್ಯುತ್ತಾ ಅವಳು ಹಾಗೆಂದ ಚಿತ್ರವೊಂದು ನನ್ನ ತಲೆಯಲ್ಲೂ ಇದೆ. ಅದನ್ನು ನಾನೇ ಕಟ್ಟಿಕೊಂಡಿದ್ದರೂ ಕಟ್ಟಿಕೊಂಡಿರಬಹುದು.

ಅಕ್ಕನಿಗೆ ಆಗ ನಲವತ್ತೊಂದು. ಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಸಕ್ಕರೆ ಕಾಯಿಲೆ ಎಂದಾಗ ಯಾರೂ ಬೆಚ್ಚಲಿಲ್ಲ; ತೀರಿಕೊಂಡ ಅಪ್ಪನಿಗೂ ಇತ್ತಲ್ಲ. ಅಪ್ಪನ ಮಾತ್ರೆಯ ಖಾಲಿ ಶೀಟು ತೋರಿಸಿದರೆ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆ ಕೊಡುತ್ತಾರೆ. ನಮ್ಮ ಕಡೆ ಅರ್ಧ ವೈದ್ಯ ನಡೆಯುವುದೇ ಹೀಗೆ. ಶೃಂಗೇರಿಯಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಕಷಾಯ ಕುಡಿಸಲು ಬಂದವರ ಜೊತೆ ಜಗಳವಾಡಿದೆ, ಶೀಟಿನ ಬಗ್ಗೆ ತುಟಿ ಬಿಚ್ಚಲಿಲ್ಲ.

ಅಕ್ಕ ಸಣ್ಣಗಾದಳು. ತನ್ನ ರವಿಕೆಗಳ ಹೊಲಿಗೆ ತಾನೇ ಬಿಚ್ಚಿ ಒಳಗೆ ಹಿಡಿದು ಹೊಲಿದಳು. ಎರಡು ತಿಂಗಳಿಗೆ ಮತ್ತೆ ಹಿಡಿದಳು. ಜಯಪುರದಿಂದ ಬಟ್ಟೆ ಕೊಡಲು ಬರುತ್ತಿದ್ದ ಹೆಂಗಸು ರೇಗಿಸಿದಳು: "ಎಂತ ಮಾರಾಯ್ತಿ, ಗಂಡು ನೋಡ್ಲಿಕ್ಕೆ ಬರ್ತಾರಾ?"

"ಶುಗರ್ ಕಂಟ್ರೋಲಿಗೆ ಬಂದಿದೆ. ನಿಂಗೆ ಹೊಟ್ಟೆಕಿಚ್ಚು."

ನಾನೂ ನಕ್ಕೆ.

ಮುಂದೆ ವಾಂತಿ, ಏದುಸಿರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರನೇ ದಿನ ಹೋಗಿಬಿಟ್ಟಳು. ರಕ್ತದ ಒಂದು ವರದಿ ಆಮೇಲೆ ಬಂತು. ಇನ್ಸುಲಿನ್ ತಯಾರಿಸುವ ಜೀವಕೋಶಗಳ ಮೇಲೆ ದೇಹವೇ ತಿರುಗಿಬಿದ್ದಾಗ ಕಾಣುವ ಪ್ರತಿಕಾಯಗಳು ಅವಳಲ್ಲಿ ವಿಪರೀತ ಹೆಚ್ಚಿದ್ದವು. ಅಷ್ಟಿದ್ದವರಿಗೆ ಮಾತ್ರೆ ಬಹುಕಾಲ ಸಾಲದು, ಇನ್ಸುಲಿನ್ನೇ ಬೇಕು ಎಂದರು ಡಾಕ್ಟರು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯಾ ಎಂದು ಕೇಳಿದರು. ಅಮ್ಮನಿಗಿತ್ತು. ಥೈರಾಯ್ಡೂ ಸೇರಿ ಇಂಥ ಕಾಯಿಲೆಗಳಿಗೆ ಕೆಲವೊಮ್ಮೆ ವಂಶವಾಹಿ ಒಂದೇ ಇರುತ್ತದೆ, ಆದರೆ ಖಚಿತವಾಗಿ ಹೇಳಲಾಗದು ಎಂದರು.

ಅಮ್ಮ ಆ "ಆದರೆ"ಯನ್ನು ಕೇಳಿಸಿಕೊಳ್ಳಲೇ ಇಲ್ಲ. "ಕಾಯಿಲೆ ಕೊಟ್ಟವಳೂ ನಾನೇ, ಅಪ್ಪನ ಮಾತ್ರೆ ಸಾಕು ಅಂದವಳೂ ನಾನೇ" ಎಂದು ಈಗಲೂ ಅಳುತ್ತಾಳೆ. ವಂಶವಾಹಿ ಯಾರ ತಪ್ಪೂ ಅಲ್ಲ ಎಂದು ಸಮಾಧಾನ ಮಾಡುತ್ತೇನೆ. ಎರಡನೆಯ ಮಾತಿಗೆ ಸುಮ್ಮನಿರುತ್ತಿದ್ದೆ.

ಕಳೆದ ತಿಂಗಳು ಅಕ್ಕನ ಫೋನ್ ಚಾರ್ಜ್ ಮಾಡಿ, ಹಳೆಯ ಮೆಸೇಜುಗಳನ್ನು ಒಂದೊಂದಾಗಿ ನೋಡಿದೆ. ಅವಳು ನನಗೆ ಬರೆದಿದ್ದಳು: "ಡಾಕ್ಟ್ರು ಇನ್ನೊಂದು ರಕ್ತ ಪರೀಕ್ಷೆ ಬರೆದಿದ್ದಾರೆ. ನಿಂಗೆ ಗೊತ್ತಿರುತ್ತಲ್ಲ, ಮಾಡಿಸ್ಲಾ?"

ಕೆಳಗೆ ನನ್ನ ಉತ್ತರ: "ಬೇಡ. ಅಪ್ಪನದೇ ಕಾಯಿಲೆ. ಅಪ್ಪನ ಮಾತ್ರೆ ಸಾಕು."